ಕರಡಿಯ ವೇಳೆ, ನಮ್ಮ ವೇಳೆ

(ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರಿಗಾಗಿ ವಡೋದರಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಈ ಸಭಾಂಗಣದಿಂದ ಹೊರಟು ಪೂರ್ವಕ್ಕೆ, ಪಾವಾಗಢದ ಬೆಟ್ಟ ದಾಟಿ ಹೋದರೆ ಒಂದೂವರೆ ಎರಡು ಗಂಟೆಯೊಳಗೆ ಜಾಂಬುಘೋಡಾ ಸಿಗುತ್ತದೆ. ಅಲ್ಲಿ ಕರಡಿಗಳಿವೆ. ಹುತ್ತ ಒಡೆದು, ಮರದ ಬುಡದ ಹೂ ತಿಂದು, ಹಗಲು ಹೊತ್ತು ಬಂಡೆಯ ಸಂದಿನಲ್ಲಿ ಮಲಗಿ ಬದುಕುವ ಕಾಡಿನ ಕರಡಿಗಳು. ಗುಜರಾತಿನ ಕಾಡು ಎಂದರೆ ಗಿರ್ ಎನ್ನುವುದು ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಸಿಂಹ ನೋಡಲು ರಾತ್ರಿಯೆಲ್ಲ ಪಯಣಿಸುವವರಿಗೂ ಮನೆಯ ಹತ್ತಿರದ ಈ ಪ್ರಾಣಿಯ ಸುದ್ದಿ ಗೊತ್ತಿರುವುದಿಲ್ಲ. 2025ರ ಗಣತಿಯಲ್ಲಿ ಸಿಂಹಗಳು 891 ಎಂದಾಗ ದೇಶಕ್ಕೆ ದೇಶವೇ ಓದಿತು. ಈ ರಾಜ್ಯದ ಕರಡಿಗಳ ಸಂಖ್ಯೆ 2016ರಲ್ಲಿ 343 ಇದ್ದದ್ದು 2022ರಲ್ಲಿ 358 ಆಯಿತು ಎಂಬುದನ್ನು ಓದಿದವರು ಎಷ್ಟು ಮಂದಿ?

ಉತ್ತರದ ಬನಾಸ್‌ಕಾಂಠಾದಿಂದ ದಕ್ಷಿಣದ ನರ್ಮದಾ ಜಿಲ್ಲೆಯವರೆಗೆ, ರಾಜ್ಯದ ಪೂರ್ವದ ಗಡಿಗುಂಟ ಹಬ್ಬಿದ ಗುಡ್ಡಗಾಡೇ ಅವುಗಳ ನೆಲೆ. 1978ರಲ್ಲಿ ಜೆಸೋರ್ ಕರಡಿಧಾಮವಾಯಿತು. 1982ರಲ್ಲಿ ದಾಹೋದ್ ಜಿಲ್ಲೆಯ ರತನ್‌ಮಹಲ್ ಅಭಯಾರಣ್ಯವಾಯಿತು. ಬಳಿಕ ಬಲರಾಮ-ಅಂಬಾಜಿ, ಜಾಂಬುಘೋಡಾ ಬಂದವು. ಈಗ ಶೂಲಪಾಣೇಶ್ವರ ಎನ್ನುವ, 600 ಚದರ ಕಿಲೋಮೀಟರಿಗೂ ಮಿಕ್ಕ ಕಾಡು ಮೊದಲು ಡುಮ್‌ಖಲ್ ಎಂಬ ಸಣ್ಣ ಕರಡಿಧಾಮವಾಗಿತ್ತು. ರತನ್‌ಮಹಲ್‌ನ ವಿಸ್ತೀರ್ಣ ಕೇವಲ 55 ಚದರ ಕಿಲೋಮೀಟರ್ ಚಿಲ್ಲರೆ. ಹಂಪಿಯ ಪಕ್ಕದಲ್ಲಿ 1994ರಲ್ಲಿ ಘೋಷಣೆಯಾದ ನಮ್ಮ ದರೋಜಿ ಕರಡಿಧಾಮದ ಮೂಲ ವಿಸ್ತೀರ್ಣವೂ ಹೆಚ್ಚುಕಡಿಮೆ ಅಷ್ಟೇ. ಒಂದು ಸಾಗುವಾನಿ, ಹಿಪ್ಪೆ, ಬಿದಿರಿನ ಕಾಡು. ಇನ್ನೊಂದು ಬಂಡೆಗಲ್ಲಿನ ಮೇಲೆ ಬೆಳೆದ ಕುರುಚಲು. ಕರಡಿ ಮಾತ್ರ ಎರಡೂ ಕಡೆ ಒಂದೇ ಜಾತಿಯದು, ಅದರ ಪಾಡೂ ಬೇರೆಯಲ್ಲ.

ಎರಡು ನಾಡುಗಳನ್ನೂ ಕರಡಿಯ ಕಥೆಯೊಂದು ಹಿಂದೆಯೇ ಬೆಸೆದಿದೆ. ಶ್ಯಮಂತಕ ಮಣಿ ಹುಡುಕಿಕೊಂಡು ಹೊರಟ ದ್ವಾರಕೆಯ ಕೃಷ್ಣ ಜಾಂಬವಂತನೊಡನೆ ಕಾದಾಡಿದ ಗುಹೆ ಇದೇ ಎಂದು ಪೋರಬಂದರಿನ ಹತ್ತಿರ ರಾಣಾವಾವ್‌ನಲ್ಲಿ ತೋರಿಸುತ್ತಾರೆ. ಅದೇ ಕಥೆಯನ್ನು ಹಿಡಿದು ವಿಜಯನಗರದ ಕೃಷ್ಣದೇವರಾಯ ಸಂಸ್ಕೃತದಲ್ಲಿ 'ಜಾಂಬವತೀ ಕಲ್ಯಾಣ' ನಾಟಕ ಬರೆದ. ಅವನ ರಾಜಧಾನಿಯ ಸುತ್ತಲ ಬಂಡೆಗಳಲ್ಲಿ ಇಂದಿಗೂ ಕರಡಿಗಳಿವೆ. ಕರಡಿಯನ್ನು ಮಾವನ ಸ್ಥಾನದಲ್ಲಿ ಕೂರಿಸಿದ ಜನ ನಾವು. ಆ ಪ್ರಾಣಿಯ ಬಗ್ಗೆ ನಮಗೆ ಗೊತ್ತಿರುವುದು ಇಷ್ಟು ಕಡಿಮೆ ಎನ್ನುವುದು ನನ್ನನ್ನು ಬಹಳ ಕಾಡುವ ಸಂಗತಿ.

ಪ್ರಾಣಿಶಾಸ್ತ್ರದ ಪ್ರಕಾರ ಕರಡಿ ಹುಲಿ, ಚಿರತೆ, ತೋಳಗಳಿರುವ ಮಾಂಸಾಹಾರಿ ಗಣಕ್ಕೇ ಸೇರಿದ್ದು. ನಮ್ಮ ಕರಡಿಯ ಬಾಯಿ ತೆರೆದು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲ. ತುಟಿಗಳು ಉದ್ದಕ್ಕೆ ಚಾಚಿಕೊಳ್ಳುತ್ತವೆ, ಮೂಗಿನ ಹೊಳ್ಳೆಗಳನ್ನು ಬೇಕೆಂದಾಗ ಮುಚ್ಚಿಕೊಳ್ಳಬಲ್ಲದು. ಮುಂಗಾಲಿನ ಉದ್ದನೆಯ ಬಾಗಿದ ಉಗುರುಗಳಿಂದ ಹುತ್ತವನ್ನು ಬಗೆದು, ಮೊದಲು ಫೂ ಎಂದು ಮಣ್ಣು ಊದಿ ಹಾರಿಸುತ್ತದೆ. ಆಮೇಲೆ ಮೂತಿಯನ್ನು ಕಿಂಡಿಗೆ ಒತ್ತಿ, ಆ ಹಲ್ಲಿಲ್ಲದ ಜಾಗದಿಂದ ಗೆದ್ದಲನ್ನು ಹೀರುತ್ತದೆ. ಉಣ್ಣುವವರು ಬಿಸಿ ಸಾರನ್ನು ಸುರ್ರೆಂದು ಹೀರಿದ ಹಾಗೆ ಬರುವ ಆ ಸದ್ದು ನಿಶ್ಶಬ್ದ ಇರುಳಿನಲ್ಲಿ ನೂರು ಮೀಟರಿನಾಚೆಗೂ ಕೇಳುತ್ತದೆ. ಮರಿಗಳನ್ನು ತಿಂಗಳುಗಟ್ಟಲೆ ಬೆನ್ನ ಮೇಲೆ ಹೊತ್ತು ತಿರುಗುವುದೂ ಇದರ ವಿಶೇಷ. ಬೆನ್ನಿನ ಒರಟು ನೀಳಗೂದಲನ್ನು ಮರಿ ಕಚ್ಚಿ ಹಿಡಿದಿರುತ್ತದೆ. ತಾಯಿ ಓಡಿದರೂ ಬೀಳದು.

ಭಾರತ, ನೇಪಾಳ, ಶ್ರೀಲಂಕಾ ಬಿಟ್ಟರೆ ಈ ಕರಡಿ ಇಂದು ಬೇರೆಲ್ಲೂ ನೆಲೆಯಾಗಿ ಉಳಿದಿಲ್ಲ. ಜಗತ್ತಿನಲ್ಲಿ ಒಟ್ಟು 20,000ಕ್ಕಿಂತ ಕಡಿಮೆ ಇರಬಹುದೆಂಬ ಅಂದಾಜಿದೆ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದನ್ನು ಅಪಾಯಕ್ಕೀಡಾಗಬಲ್ಲ ಪ್ರಾಣಿ ಎಂದು ಸೇರಿಸಿದ ಮೌಲ್ಯಮಾಪನದ ಲೇಖಕರಲ್ಲಿ ಒಬ್ಬರು ಈ ರಾಜ್ಯದವರೇ: ಪಾಟಣ್‌ನ ಹೇಮಚಂದ್ರಾಚಾರ್ಯ ಉತ್ತರ ಗುಜರಾತ್ ವಿಶ್ವವಿದ್ಯಾಲಯದಲ್ಲಿ ಆಗ ಇದ್ದ ನಿಶಿತ್ ಧರೈಯಾ. ಉತ್ತರ ಮತ್ತು ಮಧ್ಯ ಗುಜರಾತಿನ ಕರಡಿಗಳ ಆಹಾರ, ನೆಲೆ, ಮನುಷ್ಯರೊಂದಿಗಿನ ತಿಕ್ಕಾಟ ಇವೆಲ್ಲವನ್ನೂ ಅವರೂ ಅವರ ವಿದ್ಯಾರ್ಥಿಗಳೂ ವರ್ಷಗಟ್ಟಲೆ ಬೆನ್ನುಹತ್ತಿದ್ದಾರೆ. ಅದಕ್ಕೂ ಮುಂಚೆ, 1977ರಲ್ಲಿ, ನೇಪಾಳದ ಚಿತ್ವನ್‌ನಿಂದ ಆಂಡ್ರ್ಯೂ ಲಾರಿ ಮತ್ತು ಜಾನ್ ಸೈಡೆನ್‌ಸ್ಟಿಕರ್ ಬರೆದ ಪ್ರಬಂಧ ಬಂತು. ಬಳಿಕ ಅದೇ ಚಿತ್ವನ್‌ನಲ್ಲಿ ಅನುಪ್ ಜೋಶಿ ರೇಡಿಯೊ ಕಾಲರ್ ತೊಡಿಸಿ ಕರಡಿಗಳ ಓಡಾಟ ಹಿಂಬಾಲಿಸಿದರು. ಪನ್ನಾ ಕಾಡಿನ ಕರಡಿಗಳ ಮೇಲೆ ಕೆ. ಯೋಗಾನಂದ್ ನಡೆಸಿದ ಅಧ್ಯಯನಕ್ಕೆ 2005ರಲ್ಲಿ ಡಾಕ್ಟರೇಟ್ ಕೊಟ್ಟದ್ದು ರಾಜ್‌ಕೋಟ್‌ನ ಸೌರಾಷ್ಟ್ರ ವಿಶ್ವವಿದ್ಯಾಲಯ. ಕರಡಿಯ ವಿಷಯದಲ್ಲಿ ಗುಜರಾತಿನ ವಿದ್ಯಾಸಂಸ್ಥೆಗಳ ಋಣ ನಮ್ಮ ಮೇಲೆ ಸಾಕಷ್ಟಿದೆ.

ಇಂಥ ಸಂಶೋಧನೆಯ ಬಹುಪಾಲು ಕೆಲಸ ಹಿಕ್ಕೆಯದು. ಹೇಳಲು ಮುಜುಗರಪಡಬೇಕಾದ್ದೇನಿಲ್ಲ. ಕಾಡಿನಿಂದ ತಂದ ಹಿಕ್ಕೆಯನ್ನು ಒಣಗಿಸಿ, ನೀರಿನಲ್ಲಿ ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಬಿಳಿ ತಟ್ಟೆಯ ಮೇಲೆ ಹರಡಬೇಕು. ಬೇಸಿಗೆಯದಾದರೆ ತುಮರಿಯ ನುಣುಪು ಬೀಜ, ಕಕ್ಕೆಯ ಚಪ್ಪಟೆ ಬೀಜ, ಅತ್ತಿಹಣ್ಣಿನ ಸಾಸಿವೆಯಷ್ಟು ಕಾಳು; ಚಳಿಗಾಲದ್ದಾದರೆ ಬೋರೆಯ ಗಟ್ಟಿ ಗೊರಟೆ. ಎಲ್ಲ ಕಾಲದಲ್ಲೂ ಇರುವೆಗಳ ತಲೆ, ಗೆದ್ದಲ ದವಡೆ, ಜೇನುಮೇಣದ ಚೂರು. ಜಿಂಕೆಯ ಕೂದಲು ಸಿಗುವುದು ಅಪರೂಪ. ಊರಿನ ಹತ್ತಿರದ ಹಿಕ್ಕೆಯಲ್ಲಿ ಮೆಕ್ಕೆಜೋಳ, ಶೇಂಗಾ ಕಾಣಿಸಿದರೆ ಸಂಶೋಧಕನಿಗೆ ಆತಂಕ. ಕಾಡಿನಲ್ಲಿ ಹಣ್ಣು ಯಾವ ತಿಂಗಳು ಕಡಿಮೆಯಾಯಿತು, ಕರಡಿ ಯಾವ ತಿಂಗಳು ಹೊಲಕ್ಕೆ ಇಳಿಯಿತು ಎಂಬ ಲೆಕ್ಕ ಆ ತಟ್ಟೆಯ ಮೇಲೆಯೇ ಇರುತ್ತದೆ. ಕರಡಿಯ ಹೊಟ್ಟೆ ದಾಟಿ ಬಂದ ಬೀಜಗಳು ಮೊಳೆಯುತ್ತವೆ ಎಂಬುದನ್ನೂ ನಮ್ಮ ದೇಶದ ಸಂಶೋಧಕರು ತೋರಿಸಿದ್ದಾರೆ. ಯಾರೂ ನೀರೆರೆಯದ ಗುಡ್ಡದ ನೆತ್ತಿಗೆ ಬೋರೆಯನ್ನೂ ಕಕ್ಕೆಯನ್ನೂ ಒಯ್ದು ಬಿತ್ತುವ ಕೆಲಸ ಈ ಪ್ರಾಣಿಯದು.

ಎಣಿಸುವುದು ಮಾತ್ರ ಕಷ್ಟ. ಹುಲಿಗಾದರೆ ಪಟ್ಟೆಗಳಿವೆ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ ಎಂಬ ಆಧಾರದ ಮೇಲೆ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಹಿಡಿದು ಎಣಿಕೆಯ ವಿಧಾನವನ್ನೇ ಬದಲಿಸಿದರು. ಕರಡಿ ತಲೆಯಿಂದ ಕಾಲಿನವರೆಗೆ ಕಪ್ಪು. ಎದೆಯ ಬಿಳಿ ಗುರುತು ಒಂದೊಂದಕ್ಕೆ ಒಂದೊಂದು ತೆರನಾಗಿದ್ದರೂ ಅದು ನಾಲ್ಕು ಕಾಲಿನ ಮೇಲೆ ನಡೆದು ಹೋಗುವಾಗ ಕ್ಯಾಮೆರಾಕ್ಕೆ ಆ ಗುರುತು ಸಿಕ್ಕುವುದೇ ಅಪರೂಪ. ಬೇಸಿಗೆಯ ಬೆಳದಿಂಗಳಲ್ಲಿ ನೀರಿನ ಹೊಂಡದ ಬಳಿ ಕಾದು ಕೂತು ಎಣಿಸುವುದು ಹಳೆಯ ಪದ್ಧತಿ. ಕೂದಲು, ಹಿಕ್ಕೆಗಳಿಂದ ಡಿಎನ್ಎ ತೆಗೆದು ಗುರುತಿಸುವುದು ಹೊಸದು, ದುಬಾರಿಯದು. ಹಾಗಾಗಿ 343 ಹೋಗಿ 358 ಆಯಿತು ಎಂದರೆ ನಾನು ಸಂತೋಷಪಡುತ್ತೇನೆ, ಆದರೆ ಆ 15ರ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬೇರೆಯಿದೆ, ಅದೇ ಇಂದಿನ ನನ್ನ ಮಾತಿನ ತಿರುಳು. ಕರಡಿ ಉಳಿಯುವುದೋ ಅಳಿಯುವುದೋ ಎಂಬುದು ನಾವು ನಕ್ಷೆಯ ಮೇಲೆ ಎಳೆದ ಅಭಯಾರಣ್ಯದ ಗೆರೆಗಿಂತ ಹೆಚ್ಚಾಗಿ, ಅದೇ ಮರದಡಿಗೆ ಅದು ಬರುವ ವೇಳೆ ಮತ್ತು ನಾವು ಹೋಗುವ ವೇಳೆಯಲ್ಲಿ ನಿರ್ಧಾರವಾಗುತ್ತದೆ.

ಛೋಟಾ ಉದೇಪುರ, ಪಂಚಮಹಲ್, ದಾಹೋದ್ ಜಿಲ್ಲೆಗಳ ಹಳ್ಳಿಗಳಲ್ಲಿ ಮಾರ್ಚ್ ಕೊನೆ, ಏಪ್ರಿಲ್ ಎಂದರೆ ಹಿಪ್ಪೆ ಹೂವಿನ ಕಾಲ. ಇಲ್ಲಿನವರು ಮಹುಡೋ ಎನ್ನುವ ಮರ. ಎಲೆಯೆಲ್ಲ ಉದುರಿ ಬೋಳಾದ ಕೊಂಬೆಗಳ ತುದಿಯಲ್ಲಿ ಗೊಂಚಲು ಕಟ್ಟಿ, ರಾತ್ರಿ ಅರಳಿ, ಬೆಳಗಾಗುವಷ್ಟರಲ್ಲಿ ಟಪಟಪ ಉದುರುತ್ತದೆ. ತಿಳಿಹಳದಿ, ತಿರುಳಿನ ತುಂಬ ಸಕ್ಕರೆ. ರಾಠವಾ, ಭಿಲ್ಲ, ನಾಯಕಾ ಕುಟುಂಬಗಳು ನಸುಕಿಗೇ ಎದ್ದು ಬುಟ್ಟಿ ಹಿಡಿದು ಹೊರಡುತ್ತವೆ. ತಡವಾದರೆ ದನ, ಆಡು ಮೇಯ್ದುಬಿಡುತ್ತವೆ, ಬಿಸಿಲಿಗೆ ಹೂ ಬಾಡುತ್ತದೆ. ಒಣಗಿಸಿದ ಹೂವನ್ನು ವ್ಯಾಪಾರಿಗೆ ಹಾಕಿದರೆ ಕೈಗೆ ನಗದು ಬರುವುದು. ಹೊಲದಲ್ಲಿ ಏನೂ ಇಲ್ಲದ ಆ ತಿಂಗಳುಗಳಲ್ಲಿ ಮನೆ ನಡೆಯುವುದು ಆ ಹಣದಿಂದ. ಮಳೆಗಾಲ ಹಿಡಿಯುವ ಹೊತ್ತಿಗೆ ಅದೇ ಮರದ ಬೀಜದಿಂದ ಎಣ್ಣೆ. ಮರ ಯಾರದು, ಯಾವ ಕೊಂಬೆಯ ಕೆಳಗೆ ಯಾರು ಆರಿಸಬೇಕು ಎಂಬುದೆಲ್ಲ ಹಳ್ಳಿಯೊಳಗೆ ಹಿಂದಿನಿಂದ ನಡೆದುಬಂದ ಕಟ್ಟಳೆ.

ಆ ಕಟ್ಟಳೆಯಲ್ಲಿ ಕರಡಿಗೂ ಒಂದು ಪಾಲಿದೆ, ಯಾರೂ ಬರೆದಿಡದ ಪಾಲು. ಅದು ರಾತ್ರಿಯೆಲ್ಲ ಮರದಿಂದ ಮರಕ್ಕೆ ಅಲೆದು ಹೂ ತಿನ್ನುತ್ತದೆ. ಕತ್ತಲೆ ಇನ್ನೂ ಪೂರ್ತಿ ಸರಿಯದ ಆ ಒಂದು ಗಂಟೆಯಲ್ಲಿ ಇಬ್ಬರೂ ಒಂದೇ ಬುಡದಲ್ಲಿ ತಲೆ ತಗ್ಗಿಸಿಕೊಂಡಿರುತ್ತಾರೆ. ಕರಡಿಗೆ ಕಣ್ಣು, ಕಿವಿ ಅಷ್ಟೇನೂ ಚುರುಕಲ್ಲ, ಮೂಗು ಚುರುಕು. ಅದೂ ತಿನ್ನುವ ಗುಂಗಿನಲ್ಲಿದ್ದಾಗ ಹತ್ತು ಹೆಜ್ಜೆಯವರೆಗೂ ಮನುಷ್ಯರ ಅರಿವಾಗುವುದಿಲ್ಲ. ಅರಿವಾದ ಕ್ಷಣ ಅದು ಓಡಿಹೋಗಬಹುದು, ಅಥವಾ ಹಿಂಗಾಲಿನ ಮೇಲೆ ಎದ್ದು ನಿಂತು ಎರಗಬಹುದು. ಎರಗಿದರೆ ಪೆಟ್ಟು ಬೀಳುವುದು ಮುಖಕ್ಕೆ, ತಲೆಗೆ.

ಮಧ್ಯಪ್ರದೇಶದಲ್ಲಿ 1989ರಿಂದ 1994ರವರೆಗಿನ ಐದು ವರ್ಷಗಳ ದಾಖಲೆ ಕಲೆಹಾಕಿದ ರಾಜಪುರೋಹಿತ್ ಮತ್ತು ಕ್ರಾಸ್‌ಮನ್ ಅವರ ಅಧ್ಯಯನದಲ್ಲಿ ಕರಡಿ ದಾಳಿಗೆ ಸಿಕ್ಕವರು 735 ಮಂದಿ, ಸತ್ತವರು 48. ಅಂದರೆ ನೂರಕ್ಕೆ ತೊಂಬತ್ತಮೂರು ಜನ ಬದುಕಿ ಉಳಿದರು. ಹೇಗೆ ಉಳಿದರು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಒಂದು ಕಣ್ಣು ಹೋಗಿ, ಮೂಗಿನ ಮೂಳೆ ಮುರಿದು, ತುಟಿ ಹರಿದು ಊಟಕ್ಕೂ ಮಾತಿಗೂ ತೊಡಕಾದವರು ಬಳ್ಳಾರಿ, ಕೊಪ್ಪಳ, ತುಮಕೂರಿನ ಹಳ್ಳಿಗಳಲ್ಲೂ ಇದ್ದಾರೆ, ದಾಹೋದ್‌ನ ಹಳ್ಳಿಗಳಲ್ಲೂ ಇದ್ದಾರೆ. ಕರಡಿಯ ಪರವಾಗಿ ಮಾತಾಡುವ ಯಾರೇ ಆದರೂ ಮೊದಲು ಆ ಮುಖಗಳನ್ನು ನೋಡಿ ಮಾತಾಡಬೇಕು. ಆಸ್ಪತ್ರೆಯ ಖರ್ಚು, ಮುಖ ಸರಿಪಡಿಸುವ ಶಸ್ತ್ರಚಿಕಿತ್ಸೆ, ದುಡಿಮೆ ನಿಂತ ತಿಂಗಳುಗಳ ಪರಿಹಾರ ಇವೆಲ್ಲ ವನ್ಯಜೀವಿ ಸಂರಕ್ಷಣೆಯ ಒಳಗಿನ ಕೆಲಸವೇ.

ಕರಡಿ ಅಷ್ಟು ಸಿಟ್ಟಿನದೇಕೆ? ಸಂಶೋಧಕರ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಹುಲಿಯಿರುವ ಕಾಡಿನಲ್ಲಿ ವಿಕಾಸಗೊಂಡ ಪ್ರಾಣಿ ಇದು. ಹುಲಿಯ ವೇಗಕ್ಕೆ ಓಡಲಾರದು, ಮರ ಹತ್ತಬಲ್ಲದಾದರೂ ಹುಲಿ ಬಿಡುವ ಪ್ರಾಣಿಯಲ್ಲ. ಬೆನ್ನ ಮೇಲೆ ಮರಿ ಬೇರೆ. ಎದುರು ನಿಂತು ಅಬ್ಬರಿಸುವುದೊಂದೇ ಅದಕ್ಕೆ ಉಳಿದ ದಾರಿ. ಸಫಾರಿಯಲ್ಲಿ ಪ್ರವಾಸಿಗರು ತೆಗೆದ ಹುಲಿ-ಕರಡಿ ಮುಖಾಮುಖಿಯ ವಿಡಿಯೊಗಳನ್ನು ಒಟ್ಟುಗೂಡಿಸಿ ಅಭ್ಯಸಿಸಿದ ತಂಡವೂ ಇದನ್ನೇ ಕಂಡಿತು. ಥಟ್ಟನೆ ಎದುರಾದ ಮನುಷ್ಯನೂ ಕರಡಿಗೆ ಹುಲಿಯಂತೆಯೇ ಒಂದು ಅಪಾಯ. ಮರಿಯಿರುವ ತಾಯಿಕರಡಿಗಳು ಉಳಿದವಕ್ಕಿಂತ ಹೆಚ್ಚಾಗಿ ಹಗಲಿನಲ್ಲಿ ಓಡಾಡುತ್ತವೆ ಎಂದು ಚಿತ್ವನ್‌ನ ಅಧ್ಯಯನ ತೋರಿಸಿತ್ತು. ರಾತ್ರಿಯ ಗಂಡು ಕರಡಿ, ಹುಲಿಗಳಿಂದ ಮರಿಗಳನ್ನು ದೂರವಿಡಲು. ಸೌದೆಗೆ, ದನ ಮೇಯಿಸಲು ನಾವು ಹೋಗುವ ಹೊತ್ತೂ ಹಗಲೇ. ಎಲ್ಲಕ್ಕಿಂತ ಅಂಜುಬುರುಕಿಯಾದ ಕರಡಿಯೇ ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ಎದುರಾಗುವುದು ಹೀಗೆ.

ಪರಿಹಾರವೂ ವೇಳೆಯಲ್ಲಿಯೇ ಇದೆ. ಹೂ ಆರಿಸಲು ಒಬ್ಬೊಬ್ಬರೇ ಹೋಗದೆ ಗುಂಪಾಗಿ, ಮಾತಾಡುತ್ತ, ಕೋಲಿಗೆ ಗೆಜ್ಜೆಯೋ ಗಂಟೆಯೋ ಕಟ್ಟಿಕೊಂಡು, ಬೆಳಕು ಹರಿದ ಮೇಲೆ ಹೋದರೆ ಎದುರಾಗುವ ಸಂಭವವೇ ತಗ್ಗುತ್ತದೆ. ಎದುರಾದರೆ ಓಡಬಾರದು, ಎರಗಿಯೇಬಿಟ್ಟರೆ ಬೋರಲು ಮಲಗಿ, ಕೈಗಳಿಂದ ಕತ್ತಿನ ಹಿಂಭಾಗ ಮುಚ್ಚಿಕೊಂಡು, ಮುಖವನ್ನು ನೆಲಕ್ಕೆ ಒತ್ತಬೇಕು. ಹೇಳುವುದು ಸುಲಭ. ಬೆಳಕು ಹರಿದ ಮೇಲೆ ಹೋಗಿ ಎಂದರೆ ಹೂವನ್ನು ಆಡು ತಿಂದುಹೋದ ನಷ್ಟ ಯಾರು ಕೊಡುತ್ತಾರೆ? ಆ ಒಂದು ತಿಂಗಳು ಮರದಡಿ ಆಡು ಬಿಡಬಾರದೆಂದು ಹಳ್ಳಿಯೇ ಕೂತು ತೀರ್ಮಾನಿಸಿದರೆ ಮಾತ್ರ ಆಗುವ ಮಾತು. ಹಾಗಾಗಿ ಕರಡಿಯ ಅಧ್ಯಯನ ಅರ್ಧಕ್ಕರ್ಧ ಹಳ್ಳಿಯ ಅಧ್ಯಯನ. 1951ರಲ್ಲಿ ಮೈಸೂರಿನ ಎಂ. ಎನ್. ಶ್ರೀನಿವಾಸ್ ಇದೇ ಊರಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಬಂದು ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ಪುಸ್ತಕದ ನೋಟ ಬೇರೆ, ಕ್ಷೇತ್ರದ ನೋಟ ಬೇರೆ ಎಂದು ಅವರು ಹಿಡಿದ ಪಟ್ಟು ನಮ್ಮ ವನ್ಯಜೀವಿ ವಿಜ್ಞಾನಕ್ಕೂ ಬೇಕು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದಲ್ಲಿ ಕೂತು ನೋಡಿದರೆ ಉಪಗ್ರಹ ಚಿತ್ರದಲ್ಲಿ ಕಾಡಿನ ಹಸುರು ಕಾಣುತ್ತದೆ, ಅದು ಹಿಗ್ಗಿದ್ದು ಕುಗ್ಗಿದ್ದು ಕಾಣುತ್ತದೆ. ನಸುಕಿನ ನಾಲ್ಕೂವರೆಗೆ ಮರದ ಬುಡದಲ್ಲಿ ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ಎರಡೂ ಬೇಕು.

ಸೂರತ್‌ನಿಂದ ಬಂದವರು ಚಿರತೆಯ ಬಗ್ಗೆ ಕೇಳುತ್ತಾರೆಂದು ನನಗೆ ಗೊತ್ತು. ಮಾಂಡವಿ, ಮಹುವಾ, ಬಾರ್ಡೋಲಿ ಕಡೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುತ್ತದೆ, ಕಟಾವಿನವರಿಗೆ ಮರಿಗಳು ಸಿಗುತ್ತವೆ. 2023ರ ಗಣತಿಯಂತೆ ರಾಜ್ಯದಲ್ಲಿ 2,274 ಚಿರತೆಗಳಿವೆ. ಹಿಡಿದು ಕಾಡಿಗೆ ಬಿಡಿ ಎನ್ನುವುದು ಸಹಜವಾದ ಬೇಡಿಕೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹಾಗೆ ಮಾಡಿ ನೋಡಿದರು. ದಾಳಿಗಳು ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿದವೆಂದು ವಿದ್ಯಾ ಅತ್ರೇಯ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಚಿರತೆಯ ವಿಷಯದಲ್ಲೂ ದಾರಿ ವೇಳೆಯದೇ: ಮರಿಯನ್ನು ಸಿಕ್ಕ ಗದ್ದೆಯಲ್ಲೇ ಇಟ್ಟು ರಾತ್ರಿ ದೂರ ಸರಿದರೆ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಇನ್ನು ವಡೋದರಾದವರಿಗೆ ನಾನು ಹೇಳಬೇಕಾದ್ದೇನೂ ಇಲ್ಲ. ವಿಶ್ವಾಮಿತ್ರಿ ನದಿಯಲ್ಲಿ ನೂರಾರು ಮೊಸಳೆಗಳನ್ನು ಇಟ್ಟುಕೊಂಡು ಬದುಕುವ ಇಂಥ ದೊಡ್ಡ ನಗರ ಜಗತ್ತಿನಲ್ಲಿ ವಿರಳ. 2024ರ ಆಗಸ್ಟ್ ನೆರೆಯಲ್ಲಿ ಅಂಗಳಕ್ಕೆ ಬಂದ ಮೊಸಳೆಗಳನ್ನು ಹಿಡಿದು ಮತ್ತೆ ನದಿಗೇ ಬಿಟ್ಟ ಊರು ಇದು.

ದರೋಜಿಯ ವಿಚಾರ ಒಂದು ಮಾತು. ಅಲ್ಲಿ ಮಧ್ಯಾಹ್ನದ ಹೊತ್ತು ಬಂಡೆಗಳ ಮೇಲೆ ಬೆಲ್ಲ, ಜೇನು ಬೆರೆಸಿದ ಪಾಕ ಸವರುತ್ತಾರೆ. ಸಂಜೆ ಕರಡಿಗಳು ಇಳಿದು ಬಂದು ನೆಕ್ಕುವುದನ್ನು ಜನ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ಕರಡಿಯನ್ನು ಸಾವಿರಾರು ಮಕ್ಕಳು ನೋಡಿ ಪ್ರೀತಿಸುವಂತಾದದ್ದು ಆ ಬೆಲ್ಲದಿಂದ ಎಂಬುದನ್ನು ನಾನು ಅಲ್ಲಗಳೆಯಲಾರೆ. ಆದರೆ ಕರಡಿಯ ಸಂಜೆಯ ವೇಳೆಯನ್ನು ನಾವು ನಿಗದಿ ಮಾಡಬಾರದು. ಬೋರೆ, ಕವಳೆ, ಜಾನೆ, ತುಮರಿ ಗಿಡಗಳು ತಾವಾಗಿ ಹಬ್ಬಿ ಹಣ್ಣು ಬಿಡಲು ಕಾಡನ್ನು ಸುಮ್ಮನೆ ಬಿಟ್ಟರೆ ಅದರಷ್ಟು ಒಳ್ಳೆಯದು ಬೇರೆಯಿಲ್ಲ. ಬನಾಸ್‌ಕಾಂಠಾದಲ್ಲಿ ಆ ಗಿಡಗಳ ಜಾಗವನ್ನು ಬಳ್ಳಾರಿ ಜಾಲಿ ನುಂಗುತ್ತಿದೆ. ಕಲ್ಲಿನ ಕಥೆಯೂ ಎರಡೂ ಕಡೆ ಒಂದೇ: ಅಂಬಾಜಿಯಲ್ಲಿ ಅಮೃತಶಿಲೆ, ಬಳ್ಳಾರಿ-ಕೊಪ್ಪಳದಲ್ಲಿ ಗ್ರಾನೈಟ್. ಹಗಲಿನ ಉರಿಯಲ್ಲಿ ಕರಡಿ ತಂಪಿಗೆ ಮಲಗುವುದು, ಚಳಿಗಾಲದಲ್ಲಿ ಮರಿ ಹಾಕುವುದು ಬಂಡೆಯ ಗವಿಯಲ್ಲಿ. ಗಿಡ ಕಡಿದರೆ ಮತ್ತೆ ಬೆಳೆದೀತು, ಗವಿಯನ್ನು ಸಿಡಿಮದ್ದಿಟ್ಟು ಒಡೆದರೆ ಇನ್ನೊಂದು ಗವಿ ಹುಟ್ಟುವುದಿಲ್ಲ.

ಕೊನೆಯದಾಗಿ ಹುಲಿ. 2019ರ ಫೆಬ್ರವರಿಯಲ್ಲಿ ಮಹಿಸಾಗರ ಜಿಲ್ಲೆಯ ಲೂಣಾವಾಡಾ ಬಳಿ ಹುಲಿಯೊಂದು ಕ್ಯಾಮೆರಾಕ್ಕೆ ಸಿಕ್ಕಿತು. ಮಧ್ಯಪ್ರದೇಶದಿಂದ ಅಷ್ಟು ದೂರ ನಡೆದು ಬಂದದ್ದು, ಕೆಲವೇ ದಿನಗಳಲ್ಲಿ ಹೊಟ್ಟೆಗಿಲ್ಲದೆ ಸತ್ತಿತು. 2025ರಲ್ಲಿ ಇನ್ನೊಂದು ಬಂತು, ರತನ್‌ಮಹಲ್‌ನಲ್ಲಿ ತಿಂಗಳುಗಟ್ಟಲೆ ನಿಂತಿತು. ಎಲ್ಲರೂ ಹುಲಿಯ ಬಗ್ಗೆ ಮಾತಾಡುತ್ತಿದ್ದಾರೆ. ನನಗೆ ಕಾತರ ಅಲ್ಲಿಯ ಕರಡಿಗಳ ಬಗ್ಗೆ. ತಲೆಮಾರುಗಳಿಂದ ಹುಲಿಯನ್ನೇ ಕಾಣದ ಕರಡಿಗಳು ಅವು. ಇರುಳಿಡೀ ನಿರಾತಂಕವಾಗಿ ಹೂ ತಿನ್ನುತ್ತಿದ್ದವು ಇನ್ನು ಮೇಲೆ ಯಾವ ಹೊತ್ತಿಗೆ ಹೊರಬೀಳುತ್ತವೆ? ಹುಲಿಗೆ ಅಂಜಿ ಬೆಳಗಿನ ಕಡೆಗೆ ಸರಿದರೆ ಬುಟ್ಟಿ ಹಿಡಿದ ಹೆಂಗಸರ ವೇಳೆಗೇ ಬಂದು ತಾಗುತ್ತವೆ. ಸರಿಯದೆಯೂ ಇರಬಹುದು. ಕ್ಯಾಮೆರಾ ಟ್ರ್ಯಾಪಿನ ಪ್ರತಿ ಚಿತ್ರದ ಮೂಲೆಯಲ್ಲಿ ಗಂಟೆ, ನಿಮಿಷ ಅಚ್ಚಾಗಿರುತ್ತದೆ, ಹುಲಿ ಬರುವ ಮೊದಲಿನ ಚಿತ್ರಗಳನ್ನೂ ಬಂದ ಮೇಲಿನವನ್ನೂ ಪಕ್ಕಪಕ್ಕ ಇಟ್ಟು ನೋಡುವ ಕೆಲಸಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ. ಅದನ್ನು ಮುಂದಿನ ಹಿಪ್ಪೆ ಹೂವಿನ ಕಾಲದೊಳಗೆ ಮಾಡಬೇಕು, ಫಲಿತಾಂಶವನ್ನು ಮೊದಲು ರತನ್‌ಮಹಲ್‌ನ ಹಳ್ಳಿಗಳಲ್ಲಿ ಓದಿ ಹೇಳಬೇಕು, ಆಮೇಲೆ ಪತ್ರಿಕೆಗೆ ಕಳಿಸಬೇಕು. ಪ್ರಾಣಿಶಾಸ್ತ್ರ ಓದುತ್ತಿರುವ ಮಕ್ಕಳು ಈ ಸಭೆಯಲ್ಲಿದ್ದರೆ, ನನ್ನ ಜೊತೆ ಈ ಕೆಲಸಕ್ಕೆ ಕೈಹಾಕಲು ಮನಸ್ಸಿದ್ದರೆ, ಸಭೆ ಮುಗಿದ ಮೇಲೆ ದಯವಿಟ್ಟು ಬಂದು ಭೇಟಿಯಾಗಿ.